ತೆರೆಯದಿದ್ದರೆ ಒಳ್ಳೆಯದು

ಹಳೆಯ ಬೀಗಗಳ ಹುಚ್ಚು ಹಿಡಿದವರದ್ದೇ ಒಂದು ಬಳಗವಿತ್ತು. ಹೆಸರು ತುಕ್ಕು ಬಳಗ. ಸಂತೆಯೂ ಫೋನಿನಲ್ಲೇ, ಜಗಳವೂ ಫೋನಿನಲ್ಲೇ. ಕೀಲಿ ಕಳೆದ ಬೀಗ, ಬೀಗ ಕಳೆದ ಕೀಲಿ, ಯಾವುದೋ ಪೆಟ್ಟಿಗೆಯಿಂದ ಕಿತ್ತ ಕೊಂಡಿ, ಇವೆಲ್ಲ ಊರಿಗೆ ಗುಜರಿಯಾದರೆ ಇವರಿಗೆ ಅಪರಂಜಿ. ಹುಚ್ಚರ ಸಂತೆಯಾದರೂ ಅದಕ್ಕೊಂದು ಕಟ್ಟುಪಾಡಿತ್ತು. ಮಾರುವವರು ವಸ್ತುವಿನ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಹೇಳಬೇಕು, ಕೊಳ್ಳುವವರು ತಮಗೆ ಬೇಕಾದ್ದನ್ನೆಲ್ಲ ಕೇಳಬೇಕು. ಪಾರ್ಸೆಲನ್ನು ಬಳಗದವರೆಲ್ಲ ನೋಡುವಂತೆ ನೇರ ವೀಡಿಯೊದಲ್ಲೇ ಬಿಚ್ಚಬೇಕು. ಆಮೇಲೂ ತಕರಾರು ಬಂದರೆ ಬಳಗದ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: "ಮುಚ್ಚಿಟ್ಟದ್ದು ಮಾರಿದವರ ತಲೆಗೆ, ಕೇಳದೆ ಬಿಟ್ಟದ್ದು ಕೊಂಡವರ ತಲೆಗೆ."

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವಳು ಹರಿಶ್ಚಂದ್ರಕ್ಕ. ಅದು ಬಳಗದವರು ಇಟ್ಟ ಅಡ್ಡಹೆಸರು. ತಾನು ಮಾರುವ ಬೀಗಕ್ಕೆ ಅವಳೇ ಮೊದಲ ಶತ್ರು. "ಹೊರಗಿನ ಹೊಳಪು ನೋಡಿ ಮರುಳಾಗಬೇಡಿ, ಇದರ ಸ್ಪ್ರಿಂಗು ಚಳಿಗಾಲದಲ್ಲಿ ಮುನಿಸಿಕೊಳ್ಳುತ್ತದೆ" ಎಂದು ಬರೆಯುತ್ತಿದ್ದಳು. ಬೇರೆಯವರು ಒಂದು ಗೀರನ್ನು ಹೇಳದೆ ಬಿಟ್ಟರೂ ಜನ್ಮ ಜಾಲಾಡುತ್ತಿದ್ದಳು. ಸತ್ಯ ಹೇಳುವವರಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ, ಅವಳಿಗೂ ಬಂದಿತ್ತು.

ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು, ಇವಳು ಮೇಣದಲ್ಲಿ ಅಚ್ಚು ಮಾಡಿ, ಲೋಹ ಎರೆದು, ಹಲ್ಲು ಕೂರಿಸಿ ವಾಪಸು ಕಳಿಸುತ್ತಿದ್ದಳು. ಬೀದಿಗೆ ತೆರೆದುಕೊಳ್ಳುವ ಮನೆ, ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಯುದ್ದಕ್ಕೂ ಪುಟ್ಟ ಡಬ್ಬಿಗಳು, ಡಬ್ಬಿಗೊಂದು ಬಾಯಿ. ಹೊಸಿಲು ದಾಟಿದರೆ ಲಾರಿಗಳು ಓಡಾಡುವ ರಸ್ತೆ. ಒಂಟಿ ಜೀವ, ಇದ್ದ ಹಾಗೆ ಇದ್ದಳು. ಆದರೆ ಆ ವರ್ಷ ನರ್ಸ್ ಆಗಿದ್ದ ತಂಗಿಗೆ ದೂರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಅಲ್ಲಿ ಮನೆ ಸಿಗುವ ತನಕ ಮಗಳನ್ನು ಅಕ್ಕನ ಬಳಿ ಬಿಟ್ಟು ಹೋದಳು. ಪುಟ್ಟಿಗೆ ಇನ್ನೂ ಶಾಲೆಯ ವಯಸ್ಸಲ್ಲ. ಹೊರಡುವಾಗ ತಂಗಿ ಆ ರಸ್ತೆಯನ್ನೊಮ್ಮೆ ನೋಡಿ, "ನನ್ನ ಜೀವ ನಿನ್ನ ಕೈಲಿ ಇಟ್ಟು ಹೋಗ್ತಿದ್ದೀನಿ ಅಕ್ಕಾ. ಬಾಗಿಲೊಂದು ಭದ್ರ ನೋಡ್ಕೋ" ಎಂದಿದ್ದಳು.

"ಬೀಗದವಳಿಗೆ ಬಾಗಿಲ ಪಾಠ ಹೇಳ್ತೀಯೇನೇ?" ಎಂದು ಇವಳು ನಕ್ಕಿದ್ದಳು.

ಹೀಗಿರುವಾಗ ಬಳಗದಲ್ಲಿ ಆ ಬೀಗ ಮಾರಾಟಕ್ಕೆ ಬಂತು. ಮಾರುತ್ತಿದ್ದವನು ಹಳೆಯ ಮನೆಗಳನ್ನು ಕೆಡವುವ ಗುತ್ತಿಗೆದಾರ. ಹಿತ್ತಾಳೆಯ ಬೀಗ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಾಕಿದ ಸ್ಥಿತಿಯಲ್ಲಿದೆ, ಕೀಲಿ ಇಲ್ಲ. ಕೊನೆಯಲ್ಲೊಂದು ಸಾಲು: "ತೆರೆಯದಿದ್ದರೆ ಒಳ್ಳೆಯದು."

ಬೀಗದ ಹುಚ್ಚಿನವರಿಗೆ ತೆರೆಯಬೇಡಿ ಎನ್ನುವುದು ಬೆಕ್ಕಿನ ಮುಂದೆ ಹಾಲಿಟ್ಟು ಮೂಸಬೇಡ ಎಂದಂತೆ. ಯಾಕೆ ತೆರೆಯಬಾರದು ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಬೇರೆಯವರಾಗಿದ್ದರೆ ಕೇಳುತ್ತಿದ್ದರೇನೋ. ಅವಳಿಗೆ, ತೆರೆಯಲಾಗದ್ದನ್ನು ಹೀಗೆ ಜಂಬ ಮಾಡಿ ಮಾರುತ್ತಿದ್ದಾನೆ ಅನ್ನಿಸಿತು. ಎಂಥೆಂಥ ಬೀಗ ನೋಡಿಲ್ಲ ನಾನು ಎಂದುಕೊಂಡು ಕೊಂಡೇಬಿಟ್ಟಳು.

ಬಂದ ದಿನ ಸಂಜೆ ಬಳಗದ ಕಣ್ಣೆದುರೇ ಪಾರ್ಸೆಲ್ ಬಿಚ್ಚಿದಳು. ಎಲ್ಲರೂ ಭಲೇ ಎಂದರು. ವೀಡಿಯೊ ನಿಲ್ಲಿಸಿ, ಪುಟ್ಟಿಯನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ಚಿಲಕ ಹಾಕಿ, ಮೇಣ ಕೊರೆಯುವ ತೆಳು ಕಡ್ಡಿಗಳನ್ನು ಹರಡಿಕೊಂಡು ಕೂತಳು. ಬೀಗ ಹಟ ಮಾಡಲಿಲ್ಲ. ಕಡ್ಡಿ ಒಳಗೆ ಹೋಗುತ್ತಲೇ ಒಂದೊಂದು ಪದರವೂ ತಾನಾಗಿ ಸರಿಯಿತು, ಒಳಗಿನಿಂದ ಯಾರೋ ನೆರವಾದ ಹಾಗೆ. ಕೊಂಡಿ ಹಾರಿ ತೆರೆದುಕೊಂಡಿತು. ಆ ಕ್ಷಣ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು, ಬೆವರಿ ಮಲಗಿ ಎದ್ದ ಮಗುವಿನ ನೆತ್ತಿಯ ವಾಸನೆ. ಪುಟ್ಟಿ ಎದ್ದು ಬಂದಳೆಂದು ತಿರುಗಿದಳು. ಪುಟ್ಟಿ ಬಂದಿರಲಿಲ್ಲ, ನಿದ್ದೆಯಲ್ಲಿದ್ದಳು. ಆದರೆ ಅವಳು ಮಲಗಿದ್ದು ಕಾಣುತ್ತಿತ್ತು, ಯಾಕೆಂದರೆ ಚಿಲಕ ಹಾಕಿದ್ದ ಬಾಗಿಲು ತೆರೆದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಬೀರು ಹಾರು ಹೊಡೆದಿತ್ತು. ಅಡುಗೆಮನೆಯ ಡಬ್ಬಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಕೆಲಸದ ಕೋಣೆಯಲ್ಲಿ ಪುಟ್ಟ ಡಬ್ಬಿಗಳ ಮುಚ್ಚಳ ಒಂದೂ ಬಿಡದೆ ಎದ್ದು, ಊರವರ ಹಲ್ಲುಗಳೆಲ್ಲ ಅವಳನ್ನು ನೋಡಿ ನಗುತ್ತಿದ್ದವು. ಅವಳಿಗೆ ನಗು ಬರಲಿಲ್ಲ.

ಬಡಗಿಯನ್ನು ಕರೆಸಿದಳು. ಅವನು ಬಾಗಿಲುಗಳನ್ನು ಹಾಕಿ ತೆಗೆದು, ಚೌಕಟ್ಟು ತಟ್ಟಿ, "ಬಾಗಿಲಿಗೇನೂ ಆಗಿಲ್ಲಮ್ಮಾ, ಗಟ್ಟಿಮುಟ್ಟಾಗಿದೆ. ನೀವೇ ಹಾಕೋದು ಮರೀತೀರೇನೋ" ಎಂದ. ಹೇಳಿ ಮುಗಿಸಿ ಬಗ್ಗಿದರೆ, ಅವನೇ ಬಿಗಿದು ಕಟ್ಟಿಟ್ಟಿದ್ದ ಉಳಿಗಳ ಚೀಲ ಬಿಚ್ಚಿಕೊಂಡು ಬಿದ್ದಿತ್ತು. ಚೀಲ ನೋಡಿದ, ಅವಳನ್ನು ನೋಡಿದ. ಚಹಾ ಕುದಿಯುತ್ತಿದೆ ಎಂದರೂ ನಿಲ್ಲದೆ ಹೊರಟುಹೋದ.

"ಬಾಗಿಲು ಯಾಕೆ ತೆಗೀತೀಯೇ ಪುಟ್ಟೀ?" ಎಂದು ಕೇಳಿದಳು. ಕೇಳುವಾಗಲೇ ಅವಳಿಗೆ ಗೊತ್ತಿತ್ತು, ಮೇಲಿನ ಚಿಲಕ ಮಗುವಿನ ಕೈಗೆ ಎಟುಕುವುದಿಲ್ಲ.

"ನಾನಲ್ಲ ದೊಡ್ಡಮ್ಮಾ, ಅವನು."

"ಯಾವನು?"

"ಅವನೇ. ಬಾಗಿಲು ಹಾಕಿದ್ರೆ ಅವನಿಗೆ ಅಳು ಬರುತ್ತೆ." ಅಷ್ಟು ಹೇಳಿ ಪುಟ್ಟಿ ತನ್ನ ಬಿಸ್ಕತ್ತನ್ನು ಮುರಿದು, ಅರ್ಧವನ್ನು ನೆಲದ ಮೇಲಿಟ್ಟಳು.

ಅಮ್ಮನನ್ನು ಬಿಟ್ಟಿರುವ ಮಗು, ಏನೇನೋ ಕಲ್ಪಿಸಿಕೊಳ್ಳುತ್ತದೆ ಎಂದು ಹರಿಶ್ಚಂದ್ರಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೀದಿ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು, ಅದರ ಮೇಲೆ ತನ್ನ ಸಂಗ್ರಹದ ಭಾರಿ ಬೀಗವೊಂದನ್ನು ಜಡಿದಳು. ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅವಳು ಬೆನ್ನು ಹಾಕಿ ಕೂತು ಮೇಣ ಕಾಯಿಸುತ್ತಿದ್ದಾಗ ಹೊರಗೆ ಲಾರಿಯೊಂದು ಕಿರುಚಿಕೊಂಡು ನಿಂತಿತು. ಎದುರಂಗಡಿಯ ದರ್ಜಿ ಪುಟ್ಟಿಯ ಕೈ ಹಿಡಿದು ಕರೆತಂದ. ಅವನ ಕೊರಳಲ್ಲಿ ಅಳತೆಯ ಟೇಪು ಇನ್ನೂ ತೂಗಾಡುತ್ತಿತ್ತು.

"ಎಂಥಾ ಜನ ರೀ ನೀವು? ರಸ್ತೆ ಮಧ್ಯ ನಿಂತಿತ್ತು ಮಗು! ಡ್ರೈವರ್ ಪುಣ್ಯಾತ್ಮ, ಇಲ್ದಿದ್ರೆ..."

ಭಾರಿ ಬೀಗ ತೆರೆದು ಹೊಸಿಲ ಮೇಲೆ ಬಿದ್ದಿತ್ತು, ಕೀಲಿ ಸೆರಗಿನ ಗಂಟಿನಲ್ಲೇ ಇತ್ತು. ಆದರೆ ಅವಳ ಎದೆ ಝಲ್ಲೆಂದದ್ದು ಅದಕ್ಕಲ್ಲ. ಪುಟ್ಟಿಯ ಒಂದು ಕೈ ದರ್ಜಿಯ ಕೈಯಲ್ಲಿತ್ತು. ಇನ್ನೊಂದು ಕೈ ಪಕ್ಕಕ್ಕೆ ಚಾಚಿತ್ತು, ಬೆರಳುಗಳು ಮಡಿಸಿದ್ದವು, ಅತ್ತ ಕಡೆಯೂ ಯಾರದೋ ಕೈ ಹಿಡಿದುಕೊಂಡ ಹಾಗೆ.

ಅವತ್ತೇ ಗುತ್ತಿಗೆದಾರನಿಗೆ ಫೋನ್ ಮಾಡಿದಳು.

"ತೆರೆದುಬಿಟ್ರಾ?" ಎಂದ ಅವನು, ಹಲೋ ಕೂಡ ಹೇಳದೆ.

"ಆ ಬೀಗ ಎಲ್ಲಿತ್ತು? ನಿಜ ಹೇಳಿ."

"ನಿಜಾನೇ ಹೇಳ್ತೀನಿ, ಸುಳ್ಳು ಯಾಕೆ ಹೇಳ್ಲಿ? ಮೆಟ್ಟಿಲ ಕೆಳಗೆ ಒಂದು ಗೂಡಿತ್ತು. ಸಾಮಾನು ಇಡೋ ಜಾಗ ಅನ್ಕೊಂಡೆ. ಬೀಗ ಹೊರಗಡೆ ಹಾಕಿತ್ತು. ನಾನು ಬೀಗ ಮುಟ್ಟಲಿಲ್ಲ, ಚಿಲಕ ಗರಗಸದಲ್ಲಿ ಕೊಯ್ದು ತೆಗೆದೆ. ಒಳಗೆ ಏನೂ ಇರಲಿಲ್ಲ ತಾಯೀ, ಮೂಳೆ ಗೀಳೆ ಏನೂ ಇಲ್ಲ. ಆದ್ರೆ ಬಾಗಿಲ ಒಳಮೈ ಇತ್ತಲ್ಲ, ನನ್ನ ಮೊಣಕಾಲೆತ್ತರಕ್ಕೆ, ಹಲಗೆ ಸವೆದು ಗುಳಿ ಬಿದ್ದಿತ್ತು. ಕೈಯಿಂದ ತಳ್ಳಿ ತಳ್ಳಿ."

"ಇದನ್ನ ಯಾಕೆ ಬರೀಲಿಲ್ಲ ನೀವು?"

"ತೆರೀಬೇಡಿ ಅಂತ ಬರೆದಿದ್ದೆನಲ್ಲ. ಯಾಕೆ ಅಂತ ನೀವು ಕೇಳಲಿಲ್ಲ." ಆಮೇಲೆ ಮೆತ್ತಗಿನ ದನಿಯಲ್ಲಿ, "ಮತ್ತೆ ಹಾಕಿಬಿಡಿ. ಹಾಕಿದ್ದಷ್ಟು ದಿನ ನಮ್ಮನೇಲಿ ಏನೂ ಆಗಲಿಲ್ಲ" ಎಂದ.

ಅವನನ್ನು ಬಾಯಿಗೆ ಬಂದಂತೆ ಬೈಯಬೇಕೆಂದಿತ್ತು. ಫೋನ್ ಇಟ್ಟಳು. ಕೇಳದೆ ಬಿಟ್ಟದ್ದು ಕೊಂಡವರ ತಲೆಗೆ. ಎಷ್ಟು ಜನರ ಮುಖಕ್ಕೆ ಎಸೆದ ಮಾತು ಅದು.

ಹಾಕುವುದಕ್ಕೆ ಕೀಲಿ ಬೇಕಿತ್ತು. ಹಲ್ಲಿನ ಕೆಲಸವನ್ನೆಲ್ಲ ಬದಿಗೆ ಸರಿಸಿ, ಬೀಗದ ಬಾಯಿಗೆ ಮೇಣ ತುಂಬಿ ಅಚ್ಚು ತೆಗೆದು, ಲೋಹ ಎರೆದು, ಉಜ್ಜಿ, ಕೀಲಿ ಮಾಡಿದಳು. ಅದು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಆದರೆ ಕೊಂಡಿ ಕೂರಲಿಲ್ಲ. ಇನ್ನೇನು ಕೂತಿತು ಎನ್ನುವಲ್ಲಿ ಏನೋ ಅಡ್ಡ ಬರುತ್ತಿತ್ತು. ಲೋಹಕ್ಕೆ ಲೋಹ ತಗುಲಿದ ಗಡಸು ಅಲ್ಲ, ಮೆತ್ತಗಿನದ್ದೇನೋ. ದೀಪ ಹಿಡಿದು ನೋಡಿದಳು, ಒಳಗೇನೂ ಇಲ್ಲ. ಕೊನೆಗೆ ಬೀಗವನ್ನು ಮೇಜಿನ ಇಕ್ಕಳಕ್ಕೆ ಕೊಟ್ಟು ತಿರುಪು ಬಿಗಿಸತೊಡಗಿದಳು. ಹಲ್ಲು ಕಚ್ಚಿಕೊಂಡು ಇನ್ನೊಂದು ಸುತ್ತು, ಮತ್ತೊಂದು ಸುತ್ತು.

ಪುಟ್ಟಿ ಚೀರಿಕೊಂಡು ಓಡಿಬಂದು ಅವಳ ತೋಳಿಗೆ ಜೋತುಬಿದ್ದಳು. "ಬೇಡ ದೊಡ್ಡಮ್ಮಾ! ಬಿಡು, ಬಿಡು! ಅವನ ಬೆರಳು ಅಲ್ಲಿದೆ!"

ಹರಿಶ್ಚಂದ್ರಕ್ಕನ ಕೈ ತಿರುಪಿನಿಂದ ಜಾರಿತು. ಇಕ್ಕಳ ಸಡಿಲಿಸಿ ಬೀಗವನ್ನು ಹೊರತೆಗೆದಳು. ಮನೆಯ ಬಾಗಿಲುಗಳೆಲ್ಲ ಆಗ ಮೆಲ್ಲಗೆ ಅಲ್ಲಾಡುತ್ತಿದ್ದವು. ಬಿಕ್ಕುವ ಮಗುವಿನ ಬೆನ್ನು ಅಲ್ಲಾಡುತ್ತದಲ್ಲ, ಹಾಗೆ.

ಹಾಕಲಾಗದಿದ್ದರೆ ದಾಟಿಸಬೇಕು. ಬೇರೆ ದಾರಿ ಅವಳಿಗೆ ತೋಚಲಿಲ್ಲ. ತಂಗಿಯ ಮಾತು ಕಿವಿಯಲ್ಲಿತ್ತು, ಲಾರಿಯ ಸದ್ದೂ ಕಿವಿಯಲ್ಲಿತ್ತು. ಬೀಗದ ಚಿತ್ರ ತೆಗೆದು ಬಳಗಕ್ಕೆ ಹಾಕಿದಳು. ಹಾಕಿ ಬಿಸಿ ಆರುವ ಮೊದಲೇ ಒಬ್ಬರು ಮೇಷ್ಟ್ರು ಬಂದರು. ನಿವೃತ್ತರು, ಬಳಗಕ್ಕೆ ಹೊಸಬರು, ಕಟ್ಟುಪಾಡನ್ನು ಬಾಯಿಪಾಠ ಮಾಡಿಕೊಂಡವರು. "ಏನಾದರೂ ದೋಷವಿದೆಯೇ, ದಯವಿಟ್ಟು ತಿಳಿಸಿ" ಎಂದು ಎಲ್ಲರೆದುರು ಕೇಳಿದರು.

ಅವಳು ಸುಳ್ಳು ಹೇಳಲಿಲ್ಲ. ಇಷ್ಟು ಬರೆದಳು: "ಇದೆ ಮೇಷ್ಟ್ರೇ. ಈ ಬೀಗಕ್ಕೆ ಅಂಟಿಕೊಂಡು ಒಬ್ಬ ಪುಟಾಣಿ ಬರುತ್ತಾನೆ. ಮುಚ್ಚಿದ್ದು ಕಂಡರೆ ಅವನಿಗಾಗದು. ನಿಮ್ಮ ಬಾಗಿಲು, ಬೀರು, ಬಿಸ್ಕತ್ತಿನ ಡಬ್ಬ ಎಲ್ಲ ತೆರೆದಿಡುತ್ತಾನೆ. ಮಕ್ಕಳ ಕೈ ಹಿಡಿದು ಆಟಕ್ಕೆ ಕರೆದೊಯ್ಯುತ್ತಾನೆ. ಕೊಂಡಿಯಲ್ಲಿ ಅವನ ಬೆರಳಿರುವುದರಿಂದ ಬೀಗ ಹಾಕಲು ಬರುವುದಿಲ್ಲ. ಸಾಕಲು ಸಿದ್ಧರಿದ್ದರೆ ಮಾತ್ರ ಕೊಳ್ಳಿ!"

ಬಳಗ ಬಿದ್ದು ಬಿದ್ದು ನಕ್ಕಿತು. ಹರಿಶ್ಚಂದ್ರಕ್ಕನಿಗೆ ಕಥೆ ಕಟ್ಟುವುದೂ ಬರುತ್ತದಲ್ಲ ಎಂದರು. ಕೆಟ್ಟ ಕೊಂಡಿಯ ಬೀಗವನ್ನೂ ಹೇಗೆ ಮಾರುತ್ತಾಳೆ ನೋಡಿ ಎಂದರು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರೂ ನಂಬುವ ಹಾಗೂ ಇರಲಿಲ್ಲ. ಹಾಗೆ ಬರುವ ತನಕ ಅವಳು ಅದನ್ನು ಮತ್ತೆ ಮತ್ತೆ ತಿದ್ದಿದ್ದಳು, ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನು ತುಂಬ ಯೋಚಿಸಿ ಹಾಕಿದ್ದಳು.

ಮೇಷ್ಟ್ರು ಖುಷಿಯಾಗಿ ಕೊಂಡರು. ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಲು ಅವಳ ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ಕೇಳುವುದು ಕೊಂಡವರ ಕೆಲಸ, ಮಾರುವವರದ್ದಲ್ಲ ಎಂದು ಬೆರಳನ್ನು ಹಿಂದಕ್ಕೆಳೆದುಕೊಂಡಳು.

ಪೆಟ್ಟಿಗೆ ಕಟ್ಟುವಾಗ ಪುಟ್ಟಿ ಪಕ್ಕದಲ್ಲೇ ನಿಂತಿದ್ದಳು. ಅಂಟುಪಟ್ಟಿ ಎಳೆದಷ್ಟೂ ಮುಚ್ಚಳ ಏಳುತ್ತಿತ್ತು. "ಅವನಿಗೆ ಉಸಿರು ಕಟ್ಟುತ್ತೆ ದೊಡ್ಡಮ್ಮಾ" ಎಂದಳು ಪುಟ್ಟಿ. ಹರಿಶ್ಚಂದ್ರಕ್ಕ ಇನ್ನೊಂದು ಸುತ್ತು ಅಂಟಿಸಿದಳು. ಕೊರಿಯರಿನವನು ಪೆಟ್ಟಿಗೆ ಬಾಯಿ ಬಿಡುತ್ತಿದೆಯಲ್ಲ ಎಂದು ಗೊಣಗಿ, ಹಗ್ಗ ಬಿಗಿದು ಒಯ್ದ.

ಅವತ್ತಿನಿಂದ ಮನೆ ಮನೆಯಾಯಿತು. ಹಾಕಿದ ಬಾಗಿಲು ಹಾಕಿದಂತೆ, ಮುಚ್ಚಿದ ಡಬ್ಬಿ ಮುಚ್ಚಿದಂತೆ. ಹರಿಶ್ಚಂದ್ರಕ್ಕ ಬಹುದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಪುಟ್ಟಿ ಮಾತ್ರ ಮಾತು ಬಿಟ್ಟಿದ್ದಳು. ಬಿಸ್ಕತ್ತು ಕೊಟ್ಟರೆ ಮುರಿದು ಅರ್ಧವನ್ನು ನೆಲದ ಮೇಲಿಡುತ್ತಿದ್ದಳು. ಸಂಜೆಗೆ ಅದು ಅಲ್ಲೇ ಇರುತ್ತಿತ್ತು, ಇರುವೆ ಮುತ್ತಿಕೊಂಡು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ನೇರ ವೀಡಿಯೊಗೆ ಬಂದರು. ಹರಿಶ್ಚಂದ್ರಕ್ಕ ಕೆಲಸದ ಮೇಜಿಗೆ ಫೋನು ಒರಗಿಸಿ ಕೂತಳು. ಅವರ ಕನ್ನಡಕ, ನಗುಮುಖ, ಹಿಂದೆ ಮುಚ್ಚಿದ ಬಾಗಿಲು. "ಈಗ ನಮ್ಮ ಪುಟಾಣಿಯ ಗೃಹಪ್ರವೇಶ!" ಎಂದು ನಗಿಸಿ, ಹಗ್ಗ ಕತ್ತರಿಸಿ, ಪೆಟ್ಟಿಗೆ ತೆರೆದರು. ಬೀಗವನ್ನು ಎತ್ತಿ ಹಿಡಿದರು.

ಅವರ ಹಿಂದಿನ ಬಾಗಿಲು ತೆರೆದುಕೊಂಡಿತು. ಆಚೆ ಒಂದು ಪಡಸಾಲೆ, ಪಡಸಾಲೆಯ ಕೊನೆಯಲ್ಲಿ ಗಾಜಿನ ಬಾಗಿಲು. ಅದೂ ಸದ್ದಿಲ್ಲದೆ ಸರಿಯಿತು. ಅದರಾಚೆ ಬಾಲ್ಕನಿ, ಆಚೆ ಬರಿಯ ಆಕಾಶ, ದೂರದಲ್ಲಿ ಕಟ್ಟಡಗಳ ತುದಿಗಳು. ಬಹಳ ಎತ್ತರದ ಮನೆ. ಆಮೇಲೆ ಚಡ್ಡಿ ಮಾತ್ರ ಹಾಕಿದ್ದ ಒಂದು ಮಗು, ಇನ್ನೂ ನೆಟ್ಟಗೆ ನಡೆಯಲು ಬಾರದ ಮಗು, ಪಡಸಾಲೆ ದಾಟಿ ಬಾಲ್ಕನಿಯ ಕಡೆಗೆ ಹೆಜ್ಜೆ ಹಾಕತೊಡಗಿತು. ಅದರ ಒಂದು ಕೈ ಪಕ್ಕಕ್ಕೆ ಚಾಚಿತ್ತು.

ಹರಿಶ್ಚಂದ್ರಕ್ಕ ಬರೆದಳು: ಹಿಂದೆ ನೋಡಿ, ಮಗು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. "ಹಿಂದೆ ನೋಡಬೇಕಂತೆ! ನೋಡಿದ್ರಾ, ಹರಿಶ್ಚಂದ್ರಕ್ಕ ಇನ್ನೂ ಕಥೆ ಮುಂದುವರಿಸ್ತಿದ್ದಾರೆ!" ನಗುವ ಮುಖಗಳು ಪರದೆಯ ತುಂಬ ಹಾರಿದವು.

ವೀಡಿಯೊ ಒಳಗೆ ಸೇರುವ ಗುಂಡಿ ಒತ್ತಿ, ಅವಳು ಕೂಗಿದಳು. "ಮೇಷ್ಟ್ರೇ, ಕಥೆ ಅಲ್ಲ! ನಿಜ ಅದು, ಬರೆದದ್ದೆಲ್ಲ ನಿಜ! ನಿಮ್ಮ ಮಗೂನ ಹಿಡ್ಕೊಳ್ಳಿ!"

"ಆಹಾ, ಏನು ಅಭಿನಯ!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹಿಂದೆ ಮಗು ಗಾಜಿನ ಬಾಗಿಲು ದಾಟಿತು. ಕಂಬಿಗಳ ಹತ್ತಿರ ಒಂದು ಸ್ಟೂಲಿತ್ತು. ಮಗು ಅದರ ಮೇಲೆ ಮೊಣಕಾಲೂರಿತು.

ತಾನು ಹೇಳಿದ್ದನ್ನು ಇನ್ನು ಯಾರೂ ನಂಬುವುದಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ನಂಬದಂತೆ ಹೇಳಿದವಳು ಅವಳೇ. ಆ ಮನೆಯಲ್ಲಿ ಅವಳ ಮಾತನ್ನು ನಿಜವೆಂದು ತಿಳಿಯುವವನು ಒಬ್ಬನೇ ಇದ್ದ. ಅವಳು ಮೇಷ್ಟ್ರನ್ನು ಬಿಟ್ಟಳು.

"ಮಗಾ," ಎಂದಳು. "ಮಗಾ, ಅಲ್ಲಿ ಬೇಡ ಕಣೋ. ವಾಪಸ್ ಬಾ. ನಿನ್ನನ್ನ ಪೆಟ್ಟಿಗೇಲಿ ಹಾಕಿದ್ದು ತಪ್ಪಾಯ್ತು. ಇಲ್ಲಿ ಯಾವ ಬಾಗಿಲೂ ಹಾಕಲ್ಲ. ನಿನ್ನಾಣೆ, ಹಾಕಲ್ಲ."

ಪುಟ್ಟಿ ಯಾವಾಗ ಬಂದಳೋ, ಅವಳ ಮಡಿಲಿಗೆ ಹತ್ತಿ ಫೋನಿಗೆ ಬಾಯಿ ಹಚ್ಚಿ ಕೂಗಿದಳು. "ಬಾರೋ! ಬಿಸ್ಕತ್ ಇಟ್ಟಿದ್ದೀನಿ!"

ಬಾಲ್ಕನಿಯಲ್ಲಿ ಮಗುವಿನ ಚಾಚಿದ ಕೈ ತಟ್ಟನೆ ಕೆಳಗೆ ಬಿತ್ತು. ಅದು ಸುತ್ತಮುತ್ತ ನೋಡಿತು, ಒಂಟಿಯಾದ ಮಕ್ಕಳು ಅಳುವಂತೆ ದೊಡ್ಡದಾಗಿ ಅಳತೊಡಗಿತು. ಎಲ್ಲಿಂದಲೋ ಒಬ್ಬ ಹೆಂಗಸು ಓಡಿಬಂದು ಅದನ್ನು ಬಾಚಿ ಎತ್ತಿಕೊಂಡಳು. "ಮಾವಾ! ಬಾಲ್ಕನಿ ಬಾಗಿಲು ತೆಗೆದವರ್ಯಾರು?" ಎಂದು ಅವಳು ಕಿರುಚಿದ್ದು ಬಳಗಕ್ಕೆಲ್ಲ ಕೇಳಿತು. ಮೇಷ್ಟ್ರು ಈಗ ತಿರುಗಿ ನೋಡಿದರು. ಅವರ ಕೈಯಲ್ಲಿದ್ದ ಬೀಗದ ಕೊಂಡಿ, ಒತ್ತದೆಯೇ, ಕ್ಲಿಕ್ ಎಂದು ಕೂತುಕೊಂಡಿತು.

"ಅರೆ," ಎಂದರು ಅವರು, ಬೀಗವನ್ನು ತಿರುಗಿಸಿ ನೋಡುತ್ತ. "ಹಾಕಿಕೊಳ್ಳುತ್ತಲ್ಲ ಇದು. ದೋಷವೇನೂ ಇಲ್ಲ."

ಹರಿಶ್ಚಂದ್ರಕ್ಕ ಫೋನನ್ನು ಮಗುಚಿ ಹಾಕಿದಳು. ಮನೆ ನಿಶ್ಶಬ್ದವಾಗಿತ್ತು. ಅವಳ ಕಣ್ಣೆದುರೇ ಬೀದಿ ಬಾಗಿಲ ಮೇಲಿನ ಚಿಲಕ ಮೆಲ್ಲಗೆ ಸರಿಯಿತು, ಆಮೇಲೆ ಕೆಳಗಿನದು. ಬಾಗಿಲು ತೆರೆದು ಬೆಳಕು ಒಳಗೆ ಬಿತ್ತು, ರಸ್ತೆಯ ಸದ್ದೂ ಬಂತು. ಗೋಡೆಯ ಡಬ್ಬಿಗಳು ಒಂದರ ಹಿಂದೊಂದು ಮುಚ್ಚಳ ಎತ್ತಿದವು. ಪುಟ್ಟಿ ಮಡಿಲಿಂದಿಳಿದು, ನಗುತ್ತ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಅವಳಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಎದ್ದು ಹೋಗಿ ತೆರೆದ ಬಾಗಿಲ ಹೊಸಿಲ ಮೇಲೆ, ರಸ್ತೆಗೂ ಮನೆಗೂ ನಡುವೆ, ಅಡ್ಡಲಾಗಿ ಕೂತಳು. ಇನ್ನು ಮೇಲೆ ಕೆಲಸದ ಮೇಜನ್ನು ಇಲ್ಲಿಗೇ ಎಳೆದುಕೊಳ್ಳಬೇಕು, ತಂಗಿಗೆ ಎಲ್ಲವನ್ನೂ ನಂಬುವ ಹಾಗೆ ಹೇಳಬೇಕು ಎಂದುಕೊಂಡಳು. ಪುಟ್ಟಿ ಬಂದು ಅವಳ ಬಲಗೈ ಹಿಡಿದುಕೊಂಡಳು. ಎಡಗೈ ಮಡಿಲಲ್ಲಿ ಖಾಲಿಯಿತ್ತು. ಅದನ್ನವಳು ಮೆಲ್ಲಗೆ ಬಿಡಿಸಿ, ಅಂಗೈ ಮೇಲಾಗಿ ಪಕ್ಕಕ್ಕೆ ಚಾಚಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಹಿಂಜರಿಯುತ್ತ, ಒಂದು ಪುಟ್ಟ ಕೈ ಅದರೊಳಗೆ ಬಂದು ಸೇರಿತು. ಬೆವರಿದ ಬೆಚ್ಚನೆಯ ಕೈ. ಅವಳು ಬೆರಳುಗಳನ್ನು ಒಂದೊಂದಾಗಿ ಸವರಿದಳು. ಒಂದು ಬೆರಳು ಚಪ್ಪಟೆಯಾಗಿತ್ತು. ಅದರ ಮೇಲೆ ಅವಳ ಇಕ್ಕಳದ ಹಲ್ಲಿನ ಗುರುತಿತ್ತು.